ಕೆಲವು ಓದುಗರು

ಪದ್ಮಿನಿ,

ನೀನು ತೀರಿಕೊಂಡ ಮೇಲೆ ಇವತ್ತು ಮೊದಲ ಸಲ ನಿನ್ನ ಮಾತು ಕೇಳಿಸಿತು. ನೀನು ಓದುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಕೈಯಲ್ಲೇ ಬರೆಯುತ್ತಿದ್ದೇನೆ, ಇದನ್ನು ಯಾವ ಯಂತ್ರವೂ ಓದುವುದು ಬೇಡ.

ಮಹಡಿ ಮನೆಯ ಇಂಚರ ಟೆರೇಸ್ ತೋಟದ ಪುಸ್ತಕ ತರಿಸಬೇಕೆಂದು ಫೋನ್ ಹಿಡಿದು ಬಂದಿದ್ದಳು. ಈಗ ಆನ್‌ಲೈನ್ ಅಂಗಡಿಯಲ್ಲಿ ಓದುಗರು ಬರೆದ ಅಭಿಪ್ರಾಯಗಳನ್ನೆಲ್ಲ ಯಂತ್ರವೇ ಓದಿ, ಎರಡು ಸಾಲಿಗೆ ಇಳಿಸಿ ಹೇಳುತ್ತದಂತೆ.

“ಕೇಳಿ ಅಂಕಲ್, ಸಖತ್ತಾಗಿದೆ. ‘ಬರೆದವರು ಗಿರಿನಗರದ ಕೋತಿಗಳನ್ನು ನೋಡಿಲ್ಲ ಎಂದು ಕೆಲವು ಓದುಗರ ದೂರು.’ ಯಾರ್ ಹಿಂಗೆಲ್ಲಾ ಬರೀತಾರೆ!”

ಕೆಲವರೆಲ್ಲಿ ಬಂದರು, ನೀನೊಬ್ಬಳೇ. ತರಿಸಿದ ಪ್ರತಿ ಪುಸ್ತಕಕ್ಕೂ ಅಭಿಪ್ರಾಯ ನೀನು ಹೇಳುತ್ತಿದ್ದೆ, ನಾನು ಟೈಪ್ ಮಾಡುತ್ತಿದ್ದೆ. ಅದನ್ನು ಅವಳಿಗೆ ಹೇಳದೆ ಫೋನಿನಲ್ಲಿ ಹೊಲಿಗೆಯ ಪುಸ್ತಕ ತೆಗೆಸಿದೆ, ಉಪ್ಪಿನಕಾಯಿಯದು, ಆದಾಯ ತೆರಿಗೆಯದು ಕೂಡ. ಎಲ್ಲದರಲ್ಲೂ ನಿನ್ನ ದನಿ ಹೆಸರಿಲ್ಲದೆ ಓಡಾಡುತ್ತಿತ್ತು. ನನಗೆ ಸಾಕೆನಿಸಲಿಲ್ಲ.

ಕೊನೆಗೆ ಅವಳೇ ಮನೆಮದ್ದಿನ ಪುಸ್ತಕಕ್ಕೆ ಹೋದಳು. “‘ಶುಂಠಿ ಕಷಾಯ ಕುಡಿದರೂ ಎದೆ ಉರಿ ಹೋಗಿಲ್ಲ, ನೋವು ಎಡಗೈಗೂ ಇಳಿಯುತ್ತಿದೆ ಎನ್ನುತ್ತಾರೆ ಕೆಲವು ಓದುಗರು.’ ಅಯ್ಯೋ, ಮನೇಲಿ ಯಾರೂ ಇರ್ಲಿಲ್ವಾ ಇವ್ರಿಗೆ?”

ಕಾಫಿ ತರುತ್ತೇನೆಂದು ಎದ್ದು ಒಳಗೆ ಬಂದೆ.

ಆ ಕೊನೆಯ ದಿನ ಮಧ್ಯಾಹ್ನ ನೀನು ದಿವಾನದ ಮೇಲೆ ಒರಗಿಕೊಂಡು, ಎದೆ ನೀವಿಕೊಳ್ಳುತ್ತಾ ಅಷ್ಟನ್ನೇ ಹೇಳಿದ್ದೆ. ನಾನು ಒಂದಕ್ಷರ ಬಿಡದೆ ಟೈಪ್ ಮಾಡಿದೆ. ಕಾಗುಣಿತವನ್ನೂ ತಿದ್ದಿದೆ. ಆಮೇಲೆ ತಲೆ ಎತ್ತದೆ ನಿನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದೆ.

“ಎಷ್ಟು ಸ್ಟಾರ್ ಕೊಡ್ಲಿ?”