ಐದು ಗೆಲುವು, ಒಂದು ಬೆಂಚು

ಹಂಗಳ
ಬುಧವಾರ, 8 ಜನವರಿ 2025

ಪ್ರೀತಿಯ ಅಕ್ಕಾ,

ಹೇಗಿದ್ದೀಯೇ? ಬೆನ್ನುನೋವು ಕಡಿಮೆಯಾಯಿತೋ, ಇನ್ನೂ ಬಗ್ಗಿಕೊಂಡೇ ಓಡಾಡುತ್ತಿದ್ದೀಯೋ? ಫೋನು ಮಾಡಿದರೆ ನಿಮ್ಮತ್ತೆ ಸ್ಪೀಕರ್ ಹಾಕಿಸಿಕೊಂಡು ಪಕ್ಕದಲ್ಲೇ ಕೂರುತ್ತಾರೆ, ಅದಕ್ಕೇ ಈ ಕಾಗದ. ಇಲ್ಲಿ ಎಲ್ಲರೂ ಆರೋಗ್ಯ, ನನ್ನ ತಲೆಯೊಂದು ಬಿಟ್ಟು.

ಅಪ್ಪನ ಗೆಳೆಯರು ಬಸ್ ಸ್ಟಾಪಿನಲ್ಲಿ ನನ್ನ ಫ್ಲೆಕ್ಸ್ ಹಾಕಿಸಿದ್ದಾರೆ ಕಣೇ. 'ಸೋಲೇ ಕಾಣದ ಬೇಸ್‌ಬಾಲ್ ಆಟಗಾರ್ತಿ ಕಾವ್ಯಶ್ರೀ' ಅಂತೆ! ವರ್ಷಕ್ಕೊಮ್ಮೆ ಜಿಲ್ಲೆಯ ಒಳ್ಳೊಳ್ಳೆ ಆಟಗಾರ್ತಿಯರನ್ನು ಆರಿಸಿ, ಗುಂಡ್ಲುಪೇಟೆ ಕಡೆಯವರು, ಕೊಳ್ಳೇಗಾಲದ ಕಡೆಯವರು ಎಂದು ಆಡಿಸುತ್ತಾರಲ್ಲ ಆಲ್‌ಸ್ಟಾರ್ ಪಂದ್ಯ, ಅದರಲ್ಲಿ ಐದು ಸಲವೂ ನನ್ನ ಗುಂಡ್ಲುಪೇಟೆ ತಂಡವೇ ಗೆದ್ದಿರುವುದು ನಿಜ. ಐದು ಸಲವೂ ನಾನು ಬೆಂಚಿನ ಮೇಲೆ ಕೂತಿದ್ದೆ. ಮೊದಲ ವರ್ಷ ಚಿಕ್ಕವಳೆಂದು ಕೂರಿಸಿದರು, ಗೆದ್ದರು. ಎರಡನೇ ವರ್ಷವೂ ಹಾಗೇ ಆಯಿತು. ಅಲ್ಲಿಗೆ ಇದೆಲ್ಲ ನನ್ನ ಕಾಲ್ಗುಣ ಎಂದು ನಮ್ಮ ಕೋಚ್ ಶಾಂತರಾಜು ಸರ್ ತಲೆಗೆ ಹೊಕ್ಕುಬಿಟ್ಟಿತು. ಹೋದ ವರ್ಷ ನೀರು ಕುಡಿಯಲು ಎದ್ದೆ, ಅದೇ ಗಳಿಗೆಗೆ ಯಾರೋ ಕ್ಯಾಚು ಬಿಟ್ಟರು. "ಕೂತ್ಕೊಳ್ಳಮ್ಮಿ! ನೀ ಎದ್ದುಬುಟ್ರೆ ಎಲ್ಲಾ ಕೆಟ್ಟೋಯ್ತದೆ" ಎಂದು ಮೈದಾನಕ್ಕೆಲ್ಲ ಕೇಳುವಂತೆ ಕೂಗಿದರು. ದಿನಾ ಬೆಳಿಗ್ಗೆ ಇನ್ನೂರು ಸಲ ಬ್ಯಾಟು ಬೀಸಿ ಅಂಗೈಯಲ್ಲಿ ಬೊಬ್ಬೆ ಎದ್ದಿರುವುದು ಕೂರುವುದಕ್ಕೇನೇ? ಅಪ್ಪನ ಹತ್ತಿರ ಅತ್ತರೆ, "ಗೆದ್ದಿದ್ದೀಯಲ್ಲ ಮಗಾ, ಇನ್ನೇನ್ ಬೇಕು?" ಎಂದವರೇ ಆ ಫ್ಲೆಕ್ಸ್ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಮೈಯೆಲ್ಲ ಉರಿದುಹೋಯಿತು.

ನೀನು ಮದುವೆಯಾಗಿ ಹೋದ ತಿಂಗಳೇ ಅತ್ತೆ ಮನೆಯ ಹಸು ಸತ್ತು, ನಿನ್ನ ಕಾಲ್ಗುಣ ಸರಿಯಿಲ್ಲ ಎಂದು ನಿಮ್ಮತ್ತೆ ಅಂದಾಗ ಎಷ್ಟು ಅತ್ತಿದ್ದೆ ನೀನು. ನನ್ನದು ಒಳ್ಳೆಯದು ಅನ್ನುತ್ತಾರೆ, ಆದರೂ ಅಷ್ಟೇ ಸಂಕಟವಾಗುತ್ತದೆ ಅಕ್ಕಾ. ನನ್ನ ಆಟ ಯಾರಿಗೂ ಬೇಡ. ಈ ವರ್ಷ ಡಿಗ್ರಿ ಮುಗಿಯುತ್ತದೆ, ಆಮೇಲೆ ನನ್ನನ್ನು ಯಾರು ಆರಿಸುತ್ತಾರೆ? ಒಂದೇ ಒಂದು ಸಲ ಆ ಪಂದ್ಯದಲ್ಲಿ ಬ್ಯಾಟು ಹಿಡಿಯಬೇಕು ನನಗೆ.

ಭಾವನವರಿಗೆ ನನ್ನ ಶರಣು ತಿಳಿಸು. ನಿಮ್ಮತ್ತೆಗೂ ಹೇಳು, ಕೊಂಚ ಕಡಿಮೆ ಹೇಳು.

ನಿನ್ನ ಸಿಡುಕಿ ತಂಗಿ,
ಕಾವ್ಯ

ಮರೆತೇಬಿಟ್ಟಿದ್ದೆ, ಬೇಗ ಹೇಳುತ್ತೇನೆ: ಕಾಗದ ತರುವ ಚಿಕ್ಕಮ್ಮ ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲೇ ನಿಂತಿದ್ದಾರೆ. ಕೊಳ್ಳೇಗಾಲದವರಿಗೆ ಒಬ್ಬಳು ಕಡಿಮೆ ಬಿದ್ದಿದ್ದಳು, ನಿನ್ನೆ ಹೋಗಿ ಆ ತಂಡಕ್ಕೆ ಹೆಸರು ಕೊಟ್ಟು ಬಂದೆ. ಸರ್ ಮಾತು ಬಿಟ್ಟಿದ್ದಾರೆ. ಅಪ್ಪನಿಗೆ ಇನ್ನೂ ಗೊತ್ತಿಲ್ಲ. ಪಂದ್ಯ ಈ ಭಾನುವಾರ ಹತ್ತಕ್ಕೆ, ನಿಮ್ಮ ಚಾಮರಾಜನಗರದ ಸ್ಟೇಡಿಯಮ್ಮಿನಲ್ಲೇ. ಮೊದಲ ಬ್ಯಾಟಿಂಗ್ ನನ್ನದು. ಬಹುಶಃ ಸೋಲುತ್ತೇವೆ. ತಪ್ಪದೆ ಬಂದು ನೋಡೇ.