ಹನ್ನೊಂದನೆಯ ಪುಟವನ್ನು ಕಿತ್ತವರಿಗೆ

ಮಾನ್ಯ ಅಧ್ಯಕ್ಷರೇ,

ಇಂದು ಬೆಳಿಗ್ಗೆ ನಮ್ಮ ರಸ್ತೆಯ ತುದಿಯ ಅಂಚೆಡಬ್ಬಿಯ ಮುಂದೆ ನೆರೆಯ ಇಂಗ್ರಿಡ್ ಟೋರ್ವಿಕ್ ಒಂದು ಕೈಯ ಗವಸು ಬಿಚ್ಚಿಕೊಂಡು ನಿಮ್ಮ ಕಾಗದ ಓದುತ್ತಿದ್ದರು. ಕಾರಿನ ಗಾಜಿನಾಚೆಯಿಂದ ಅವರ ಕಿವಿ ಕೇಳದ ಎಂಟು ವರ್ಷದ ಮಗಳು ಲಿವ್ ಕೈಸನ್ನೆಯಲ್ಲಿ ಕೇಳಿದಳು, "ಏನಮ್ಮಾ ಅದು?" ತಾಯಿ ಕಾಗದವನ್ನು ಬೆನ್ನ ಹಿಂದೆ ಮರೆಸಿ, ಗವಸಿನ ಕೈಯಲ್ಲೇ "ಏನಿಲ್ಲ" ಎಂದರು. ಗವಸಿನೊಳಗಿನ ಕೈ ತೊದಲುತ್ತದೆ. ಹುಡುಗಿ ನಂಬಲಿಲ್ಲ.

ಅದೇ ಕಾಗದ ಐದು ಮನೆಗಳಿಗೆ ಹೋಗಿದೆ. ಮುಂದಿನ ಮಂಗಳವಾರದ ಸಭೆಯಲ್ಲಿ ನಮ್ಮ ವಿಶೇಷ ಶಿಕ್ಷಣ ಸಹಕಾರಿ ಸಂಘದ ಕಿವುಡ ಮಕ್ಕಳ ತರಗತಿಯನ್ನು ಮುಚ್ಚುತ್ತೀರಂತೆ. ಐದು ಮಕ್ಕಳೂ ತಂತಮ್ಮ ಊರಿನ ಶಾಲೆಯ ಮೂಲೆಯಲ್ಲಿ ಪರದೆಯ ಮುಂದೆ ಒಂಟಿಯಾಗಿ ಕೂತು ಕಲಿಯಬೇಕಂತೆ. ಇದನ್ನು ಅಂಚೆಯಲ್ಲಿ ತಿಳಿಸಿದ್ದೀರಿ. ಎಷ್ಟು ಅನುಕೂಲ! ಲಕೋಟೆಗೆ ಕಣ್ಣಿಲ್ಲ, ಅದು ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಸಂಘದ ಐವತ್ತು ವರ್ಷದ ಚರಿತ್ರೆ ಬರೆಯಲು ನೀವು ಸಾಹಿತ್ಯ ಓದಿದ ನನ್ನನ್ನು ನೇಮಿಸಿದಿರಿ. ಬರೆದೆ. ನೀವು ಓದಿ ಫೋನು ಮಾಡಿದಿರಿ.

"ನೋಡಮ್ಮಾ ಸಿಗ್ನೆ, ಪುಸ್ತಕ ಚೆನ್ನಾಗಿದೆ. ಆ ಹನ್ನೊಂದನೇ ಪುಟ ಒಂದನ್ನ ಬಿಟ್ಬಿಡು. ಅಡುಗೆಮನೆ ಹರಟೇನೆಲ್ಲ ಚರಿತ್ರೆ ಅಂತಾರಾ?"

ನಾನು "ಆಗ್ಲಿ ಸರ್" ಎಂದೆ. ನನ್ನ ಕೋಪದ ಅರ್ಧ ಪಾಲು ಆ ಎರಡು ಪದಗಳ ಮೇಲೆಯೇ ಇದೆ.

ನೀವು ಕಿತ್ತ ಪುಟದಲ್ಲಿ ಏನಿತ್ತೆಂದು ಈ ಬಹಿರಂಗ ಪತ್ರದಿಂದ ಊರಿಗೂ ಗೊತ್ತಾಗಲಿ. ಒಂಬತ್ತು ಪುಟ್ಟ ಊರುಗಳಲ್ಲಿ ಒಂದಕ್ಕೂ ಇಂಥ ಮಕ್ಕಳಿಗೊಬ್ಬ ಶಿಕ್ಷಕಿಯನ್ನು ತಾನೊಂದೇ ಇಟ್ಟುಕೊಳ್ಳುವ ಶಕ್ತಿಯಿರಲಿಲ್ಲ. ಸೇರಿ ಇಟ್ಟುಕೊಳ್ಳೋಣ ಎಂದು ಮನೆಮನೆ ಅಲೆದವರು ಮೂವರು ತಾಯಂದಿರು. ನಿಮ್ಮ ಸುವರ್ಣೋತ್ಸವದ ಆಹ್ವಾನಪತ್ರಿಕೆ ಹೊಗಳುವ 'ದೂರದೃಷ್ಟಿಯ ಅಧಿಕಾರಿಗಳು' ಸಹಿ ಹಾಕಲು ಮಾತ್ರ ಬಂದರು. ಸಹಿಗೆ ಮುಂಚೆ ಆ ತಾಯಂದಿರು ಒಪ್ಪಂದದಲ್ಲಿ ಒಂದು ಮಾತು ಬರೆಸಿದರು: ಒಂದು ಮಗುವಿನ ಪಾಠ ಬದಲಿಸುವ ಯಾವ ತೀರ್ಮಾನಕ್ಕೂ ಮೊದಲು ಸಂಘದ ಆಡಳಿತ ಮಂಡಳಿಯವರೊಬ್ಬರು ಆ ಮಗುವಿನ ಮನೆಗೆ ಬಂದು, ಅಡುಗೆಮನೆಯ ಮೇಜಿಗೆ ಕೂತು, ಎದುರೆದುರೇ ಹೇಳಬೇಕು.

ಇದು ಹರಟೆಯೇ? ನನಗೆ ಒಂಬತ್ತು ವರ್ಷವಾಗಿದ್ದಾಗ, ಕಿವಿ ಕೇಳದ ನನ್ನ ಅಣ್ಣ ಆರ್ನೆ ಆ ತರಗತಿಗೆ ಹೋಗುತ್ತಿದ್ದ ವ್ಯಾನು ನಿಲ್ಲಿಸುವ ವಿಚಾರ ಬಂತು. ಬೀಟ್ ಗಡ್ಡೆ ಬೆಳೆಯುವ ಗೆರ್ಹಾರ್ಡ್ ಲುಂಡೆ ಆಗ ಮಂಡಳಿಯಲ್ಲಿದ್ದರು. ಬೂಟು ಬಾಗಿಲಲ್ಲಿ ಬಿಟ್ಟು, ತೂತುಬಿದ್ದ ಕಾಲುಚೀಲದಲ್ಲಿ ಬಂದು ಕೂತರು.

"ಕೂತ್ಕೊಂಡ್ಯಲ್ಲ ಗೆರ್ಹಾರ್ಡ್, ಬೊಗಳು," ಎಂದರು ಅಪ್ಪ.

"ಮೊದ್ಲು ಕಾಫಿ ಕೊಡೋ ಮಾರಾಯ. ಬೈಸ್ಕೊಳ್ಳೋಕೂ ಶಕ್ತಿ ಬೇಕು."

ಅಮ್ಮ ಕಾಫಿಯ ಜೊತೆಗೆ ರೂಬಾರ್ಬ್ ಎಂಬ ಹುಳಿದಂಟಿನ ಕಡುಬನ್ನೂ ಇಟ್ಟರು. ಆರ್ನೆ ಅವರ ಕಾಲುಚೀಲ ತೋರಿಸಿ ಕೈಯಲ್ಲೇನೋ ಹೇಳಿದ.

"ಏನಂತಾನೆ?"

"ಮಂಡಳಿಗೆ ವ್ಯಾನಿಗಿಂತ ಮೊದ್ಲು ಸೂಜಿ-ದಾರ ಬೇಕಂತೆ," ಎಂದೆ ನಾನು.

ಲುಂಡೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ತಟ್ಟೆ ಸರಿಸಿ, "ಈ ಹುಡುಗನ ಎದುರಿಗೆ ಹೇಳಕ್ಕಾಗದ್ದಕ್ಕೆ ಸಭೇಗೆ ಹೋಗಿ ಹೇಗಯ್ಯಾ ಕೈ ಎತ್ಲಿ?" ಎಂದರು. ವ್ಯಾನು ನಿಲ್ಲಲಿಲ್ಲ.

ಆರ್ನೆಗೆ ಆ ಕುಚೋದ್ಯ ಎಲ್ಲಿಂದ ಬಂತು ಗೊತ್ತೇ? ಆ ತರಗತಿಯಿಂದ. ಬೇರೆ ಮಕ್ಕಳ ಕೈಗಳ ಜೊತೆ ಜಗಳವಾಡಿ, ಅಣಕಿಸಿ, ಗುಟ್ಟು ಹೇಳಿ ಕಲಿತದ್ದು. ಲಿವ್ ತನ್ನ ಪರದೆಯ ಜೊತೆ ಜಗಳವಾಡಬೇಕೇ? ನಿಮಗೆ ಆ ಪುಟ ಏಕೆ ಬೇಡವಾಯಿತೆಂಬುದು ಈಗ ಅರ್ಥವಾಗಿದೆ. ಅದು ಉಳಿದಿದ್ದರೆ ಆ ಕರಾರು ಎಲ್ಲರಿಗೂ ನೆನಪಾಗಿ, ನೀವು ಐದು ಮನೆಗಳಲ್ಲಿ ಬೂಟು ಬಿಚ್ಚಬೇಕಿತ್ತು.

ಆದ್ದರಿಂದ ಒತ್ತಾಯಿಸುತ್ತೇನೆ: ಮಂಗಳವಾರದ ಮತವನ್ನು ಮುಂದೂಡಿ. ಮೊದಲು ಐದು ಮನೆಗಳಿಗೂ ಹೋಗಿ. ಮಕ್ಕಳ ಮುಖ ನೋಡಿ ಹೇಳಿ.

ನೀವು ಹೋಗುವುದಿಲ್ಲವೆಂದೂ ನನಗೆ ಗೊತ್ತು. ಸಭೆಯಲ್ಲಿ ಸಾರ್ವಜನಿಕರಿಗೆ ತಲಾ ಮೂರು ನಿಮಿಷ ಮಾತಾಡಲು ಅವಕಾಶವಿದೆ. ನಾಲ್ಕು ಜನರೆದುರು ನನ್ನ ದನಿ ಹೊರಡುವುದಿಲ್ಲ. ಆದರೂ ಇಂದು ಮಧ್ಯಾಹ್ನ ಹೋಗಿ ಪಟ್ಟಿಯಲ್ಲಿ ಹೆಸರು ಬರೆದು ಬಂದೆ. ಮೂರು ನಿಮಿಷವೂ ಕೈಯಲ್ಲೇ ಮಾತಾಡುತ್ತೇನೆ. ಅರ್ಥವಾಗದಿದ್ದರೆ ಸಂಘದ ದುಭಾಷಿಯನ್ನು ಕರೆಸಿಕೊಳ್ಳಿ. ಇರುವವರು ಒಬ್ಬರೇ. ತರಗತಿಯ ಜೊತೆಗೆ ಅವರ ಕೆಲಸವನ್ನೂ ಅದೇ ಸಂಜೆ ತೆಗೆಯಲಿದ್ದೀರಿ; ಮೊದಲು ನನ್ನ ಸರದಿ ಮುಗಿಯಲಿ.

ಇಂತಿ,
ಒಮ್ಮೆ "ಆಗ್ಲಿ ಸರ್" ಎಂದು ತಪ್ಪಿದ,
ಸಿಗ್ನೆ ಬ್ರಾಟನ್