ಅಪ್ಪ ಕೇಳಿದ ಬಿಗಿ ಯೋಕ್

ಒರಾನ್,
ಏಪ್ರಿಲ್ ೧೪

ನನ್ನ ಮುದ್ದು ವಸ್ಸೀಲಾ,

ನಿನಗೂ ಅಳಿಯಂದಿರಿಗೂ ದೇವರು ನೆಮ್ಮದಿ ಕೊಡಲಿ. ಅಪ್ಪ ಯಾಕೆ ಕೆಲಸಕ್ಕೆ ಹೋಗುತ್ತಿಲ್ಲ ಎಂದು ನೀನು ಫೋನಿನಲ್ಲಿ ಕೇಳಿದಾಗಲೆಲ್ಲ ನಾನು ಮಾತು ಮರೆಸುತ್ತಿದ್ದೇನೆ. ಅವರು ಪಕ್ಕದ ಕೋಣೆಯಲ್ಲೇ ಇರುತ್ತಾರೆ, ಗೋಡೆ ತೆಳು. ಅದಕ್ಕೇ ಈ ಕಾಗದ.

ಇದು ಶುರುವಾದದ್ದು ಚಳಿಗಾಲದಲ್ಲಿ. ತೈಲಬಾವಿಗಳ ಕೆಲಸಗಾರರನ್ನು ಮರುಭೂಮಿಗೆ ಕರೆದೊಯ್ಯುವ ಆ ಪುಟ್ಟ ವಿಮಾನವನ್ನು ಇಷ್ಟು ವರ್ಷ ಹಾರಿಸಿದವರು, ರಜೆಯಲ್ಲೂ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುತ್ತೇನೆ ಎಂದು ಹೊರಟರು. "ಪೈಲಟ್ ಪರೀಕ್ಷೆ ಹತ್ರ ಬಂತು, ಕೈ ಪಳಗಿರ್ಲಿ" ಎಂದರು. ನಿನ್ನ ಹಳೆಯ ಕೋಣೆಯಲ್ಲಿ ಮೇಜು, ಪರದೆ ಎಲ್ಲ ಜೋಡಿಸಿ ಒಂದು ಯೋಕ್ ತಂದರು. ವಿಮಾನದ ಚುಕ್ಕಾಣಿ ಅದು. ಹಿಂದಕ್ಕೆಳೆದರೆ ವಿಮಾನದ ಮೂತಿ ಮೇಲೇಳುತ್ತದೆ, ತಿರುಗಿಸಿದರೆ ರೆಕ್ಕೆ ವಾಲುತ್ತದೆ.

ಮೊದಲನೆಯದು ಪ್ಲಾಸ್ಟಿಕ್ಕಿನದು. ನಡುವೆ ಬಂದಾಗ ಕಚ್ಚಿಕೊಳ್ಳುತ್ತದೆ, ನಿಜವಾದ ವಿಮಾನದಲ್ಲಿ ಹೀಗಿರುವುದಿಲ್ಲ ಎಂದು ವಾಪಸು ಕೊಟ್ಟರು. ಎರಡನೆಯದು ಕಬ್ಬಿಣದ ದಂಡದ್ದು, ಒಳ್ಳೆಯದೇ ಇತ್ತು. ಅದರ ಸ್ಪ್ರಿಂಗ್ ಸಡಿಲ ಎಂದರು. ಮೂರನೆಯದನ್ನು ಆರಿಸಲು ನನ್ನನ್ನೂ ಕರೆದುಕೊಂಡು ಹೋದರು.

ಅಂಗಡಿಯ ಹೌವಾರಿ ಕಡಲೆಹಿಟ್ಟಿನ ಬಿಸಿ ಕಾರಾಂತಿಕಾ ತಿನ್ನುತ್ತ ಕೂತಿದ್ದ. ನಮ್ಮನ್ನು ನೋಡಿದ್ದೇ, "ಚಿಕ್ಕಮ್ಮಾ, ಕ್ಯಾಪ್ಟನ್ ಸಾಹೇಬ್ರು ಹೆಣ್ಣು ನೋಡೋಕ್ ಬಂದಂಗೆ ಬರ್ತಾರೆ, ಒಂದನ್ನೂ ಒಪ್ಪಲ್ಲ" ಎಂದ.

"ನಿನ್ನ ಚಿಕ್ಕಮ್ಮನ್ನ ಒಂದೇ ನೋಟಕ್ಕೆ ಒಪ್ಪಿದ್ದೆ. ಇದು ಯೋಕ್ ಕಣೋ! ಬಿಗಿ ಇರೋದು ತೋರ್ಸು."

ಅವನು ತೋರಿಸಿದ. ಇನ್ನೂ ಬಿಗಿ ಬೇಕೆಂದರು. "ಇದಕ್ಕಿಂತ ಬಿಗಿ ಅಂದ್ರೆ ಬಾವಿ ರಾಟೆನೇ ತರ್ಬೇಕು. ನಿಮ್ ವಿಮಾನದ್ದು ಇಷ್ಟು ಬಿಗಿ ಇರುತ್ತಾ?" ಎಂದು ಹೌವಾರಿ ನಕ್ಕ. ಅಪ್ಪ ನಗಲಿಲ್ಲ. ಮೇಜಿನ ಮೇಲೆ ಜೋಡಿಸಿಟ್ಟಿದ್ದ ಹಗುರದ ಯೋಕ್ ಒಂದನ್ನು ಹಿಡಿದರು. ಪರದೆಯಲ್ಲಿ ಸಮುದ್ರದ ಮೇಲೆ ಹಾರುತ್ತಿದ್ದ ವಿಮಾನ ಕಾಳು ಕುಕ್ಕುವ ಕೋಳಿಯ ಹಾಗೆ ಮೂತಿ ಆಡಿಸತೊಡಗಿತು. "ಇದು ಕೆಟ್ಟಿದೆ" ಎಂದು ಎದ್ದುಬಿಟ್ಟರು.

"ಚಿಕ್ಕಮ್ಮಾ, ನೀವೊಂದ್ಸಲ ಹಿಡೀರಿ" ಎಂದ ಹೌವಾರಿ. ಹೊಲಿಗೆ ಯಂತ್ರ ಬಿಟ್ಟು ಇನ್ನೊಂದು ಯಂತ್ರ ಮುಟ್ಟದವಳು ನಾನು, ಹಿಡಿದೆ. ವಿಮಾನ ಮಿಸುಕಾಡದೆ ನೇರ ಹೋಯಿತು.

ನಾನು ಪರದೆಯಿಂದ ತಿರುಗಿ ಅಪ್ಪನ ಎಡಗೈ ನೋಡಿದೆ. ಕ್ಯಾಪ್ಟನ್ ಕೂರುವುದು ಎಡಗಡೆ, ಯೋಕ್ ಹಿಡಿಯುವುದು ಎಡಗೈಯಲ್ಲೇ. ಆ ಕೈ ನಡುಗುತ್ತಿತ್ತು. ನಾನು ನೋಡಿದ್ದು ಕಂಡು ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡರು. ಬಿಗಿ ಯೋಕ್ ಯಾಕೆ ಬೇಕಿತ್ತು ಎಂದು ಆಗ ಹೊಳೆಯಿತು. ಬಿಗಿ ಇದ್ದರೆ ನಡುಕ ವಿಮಾನದವರೆಗೆ ಹೋಗುವುದಿಲ್ಲ.

ಅತ್ಯಂತ ಬಿಗಿಯದನ್ನೇ ಕೊಂಡರು. ಕಾರಿನಲ್ಲಿ, "ಯಾರಿಗೂ ಹೇಳ್ಬೇಡ. ಬೇಸಿಗೆಗೆ ನಿವೃತ್ತಿ. ಅಲ್ಲೀವರೆಗೆ ಸಾಕು" ಎಂದರು.

"ಹಿಂದೆ ಕೂತಿರೋ ಹುಡುಗ್ರ ಗತಿ?"

"ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇರ್ತಾನಲ್ಲ."

"ಅವನಿಗೆ ಗೊತ್ತಾ?"

ಅವರು ರೇಡಿಯೋ ಹಚ್ಚಿದರು. ಮನೆಗೆ ಬಂದು ಅದನ್ನು ಜೋಡಿಸಿದ ಮೇಲೆ ನನ್ನನ್ನು ಕೂಗಿ ಕರೆದರು. "ನೋಡು ಜುಲೀಖಾ, ಅಲ್ಲಾಡ್ತಾನೇ ಇಲ್ಲ!" ಪರೀಕ್ಷೆಯಲ್ಲಿ ಪಾಸಾದ ಹುಡುಗನ ಮುಖ. ನಾನು ಹೌದೆಂದೆ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಮೇಲೆ ಕಂಪನಿಯ ಡಾಕ್ಟರು ಬದ್ರಾ ಅವರಿಂದ ಕರೆ ಬಂತು, ವಾಡಿಕೆಯ ತಪಾಸಣೆಗೆ. ನರಗಳ ಕಾಯಿಲೆ, ಶುರುವಿನ ಹಂತ ಎಂದರಂತೆ. ಅಪ್ಪನ ಲೈಸೆನ್ಸನ್ನು ಅಲ್ಲೇ ಇಟ್ಟುಕೊಂಡರು. ಮನೆಗೆ ಬಂದವರು ಬೂಟು ಕೂಡ ಬಿಚ್ಚದೆ ಮಂಚದ ತುದಿಯಲ್ಲಿ ಕೂತರು. ಸಮವಸ್ತ್ರದ ಭುಜದ ಪಟ್ಟಿಗಳನ್ನು ತಾವೇ ಬಿಚ್ಚಲು ನೋಡಿದರು. ಗುಂಡಿ ಬೆರಳಿಗೆ ಸಿಗಲಿಲ್ಲ. ನಾನು ಬಿಚ್ಚಿದೆ. ಎಷ್ಟೋ ದಿನ ನಮ್ಮಿಬ್ಬರ ನಡುವೆ ಊಟಕ್ಕೆ ಕರೆಯುವುದು ಬಿಟ್ಟರೆ ಬೇರೆ ಮಾತಿರಲಿಲ್ಲ.

ಕಳೆದ ವಾರ ತಾವಾಗಿಯೇ ಎದ್ದು ಬಿಗಿ ಯೋಕನ್ನು ಹೌವಾರಿಗೆ ಕೊಟ್ಟು, ಆ ಹಗುರದ್ದನ್ನು ತಂದರು. "ಇನ್ಯಾರಿಂದ ಬಚ್ಚಿಡ್ಬೇಕು?" ಎಂದರು. ಈಗ ಬೆಳಿಗ್ಗೆ ಕಾಫಿ ಕುಡಿದು ಹಾರಲು ಕೂರುತ್ತಾರೆ. ಮೂತಿ ಆಡುತ್ತದೆ, ಬೈದುಕೊಳ್ಳುತ್ತಾರೆ, ಹೇಗೋ ಇಳಿಸುತ್ತಾರೆ. ಔಷಧ ಸ್ವಲ್ಪ ಹಿಡಿದಿದೆ. ಹಬ್ಬಕ್ಕೆ ಬಂದಾಗ ಆ ಕೈಯನ್ನೇ ದಿಟ್ಟಿಸಬೇಡ ಕಂದ. ಪಕ್ಕದ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತುಕೋ.

ನಿನ್ನ ದಾರಿ ನೋಡುತ್ತಿರುವ
ಅಮ್ಮ,
ಜುಲೀಖಾ

ಮತ್ತೆ: ಬದ್ರಾ ಅವರಿಂದ ತಾನಾಗಿ ಕರೆ ಬಂತು ಎಂದು ಬರೆದದ್ದು ಸುಳ್ಳು. ಅವರಿಗೆ ಫೋನ್ ಮಾಡಿ ಎಲ್ಲ ಹೇಳಿದವಳು ನಾನು. ಇದನ್ನು ನಿನ್ನಿಂದಲೂ ಮುಚ್ಚಿಡಬೇಕೆಂದಿದ್ದೆ. ಕಾಗದ ಮಡಿಸುವಾಗ ಅಪ್ಪ ಕನ್ನಡಕ ಹುಡುಕಿಕೊಂಡು ಬಂದರು. "ವಸ್ಸೀಲಾಗಾ? ಫೋನ್ ಮಾಡಿದ್ದು ನೀನೇ ಅಂತ್ಲೂ ಬರ್ದ್ಯಾ?" ಎಂದರು. ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಒಳಗೆ ಹೋಗ್ತಿದ್ದಂಗೇ ಬದ್ರಾ 'ಎಡಗೈ ಚಾಚಿ' ಅಂದ್ಲು. ನೀನಲ್ದೆ ಇನ್ಯಾರು ಹೇಳಿರ್ತಾರೆ?" ಎಂದರು. ಕನ್ನಡಕ ಸಿಕ್ಕಿದ ಮೇಲೆ, "ಬರಿ. ನನ್ನ ಕೈಲಿ ಆಗ್ದೇ ಇದ್ದದ್ದನ್ನ ಅಮ್ಮ ಮಾಡಿದ್ಲು ಅಂತ ಬರಿ" ಎಂದು ಹೇಳಿ ಹೋದರು. ಅವರು ಹೇಳಿದ ಹಾಗೇ ಬರೆದಿದ್ದೇನೆ.